‘ಇಂಥದ್ದು ನಾಲ್ಕೇ ಗಾಡಿ’ ಅಂದರೆ, ಆ ನಾಲ್ಕು ಎಲ್ಲಿಂದ ಬಂತು?

ಪ್ರಶ್ನೆ: ಸರ್, ನಾನು ಹಾಸನದವನು, ಅಮೆರಿಕದ ಡಲ್ಲಾಸ್ ಹತ್ತಿರ ಕೆಲಸದಲ್ಲಿದ್ದೇನೆ. ಹಳೆಯ ಮಸಲ್ ಕಾರ್, ಅಂದರೆ ದೊಡ್ಡ ಎಂಜಿನ್ನಿನ ವೇಗದ ಅಮೆರಿಕನ್ ಗಾಡಿ, ಒಂದನ್ನು ಕೊಳ್ಳಬೇಕು ಅನ್ನೋದು ಬಹಳ ದಿನದ ಆಸೆ. ಮೊನ್ನೆ 1970ರ ಶೆವ್ರೊಲೆ ಶೆವೆಲ್ ಎಸ್‌ಎಸ್ 454 ಒಂದನ್ನು ನೋಡಿ ಬಂದೆ. ಎಲ್‌ಎಸ್6 ಎಂಜಿನ್, ನಾಲ್ಕು ಗೇರಿನ ಮ್ಯಾನ್ಯುವಲ್, ಫ್ಯಾದಮ್ ಬ್ಲೂ ಬಣ್ಣ, ಮುಂದೆ ಬೆಂಚ್ ಸೀಟು. ‘ಫ್ಯಾಕ್ಟರಿಯಿಂದ ಹೀಗೆ ಬಂದಿದ್ದು 4 ಮಾತ್ರ’ ಅಂತ ಕಾರಿನ ಮುಂದೆ ಬೋರ್ಡ್ ಹಾಕಿದ್ದಾರೆ. ಅದನ್ನೇ ಹೇಳಿ ಬೇರೆ ಎಲ್‌ಎಸ್6ಗಳಿಗಿಂತ ಜಾಸ್ತಿ ಬೆಲೆ ಕೇಳುತ್ತಿದ್ದಾರೆ. ಈ ಲೆಕ್ಕ ನಂಬಬಹುದಾ? ನಾವೇ ಅಂದಾಜು ಮಾಡೋಕೆ ದಾರಿ ಇದೆಯಾ?

ಉತ್ತರ: ನಂಬಬೇಡಿ. ಮಾರುವವರು ಸುಳ್ಳುಗಾರರು ಅಂತ ನಾನು ಹೇಳುತ್ತಿಲ್ಲ, ಅವರಿಗೂ ಯಾರೋ ಹೇಳಿರಬಹುದು, ಅವರೂ ನಂಬಿಕೊಂಡಿರಬಹುದು. ಆದರೆ ಶೆವ್ರೊಲೆ ವಿಷಯದಲ್ಲಿ ‘4 ಮಾತ್ರ’ ಅಂತ ಹೇಳೋಕೆ ಬೇಕಾದ ದಾಖಲೆಯೇ ಇಲ್ಲ. ಇಲ್ಲದ ಪುಸ್ತಕದಿಂದ ಯಾರೂ ಪುಟ ಓದೋಕಾಗಲ್ಲ, ಅಲ್ವಾ?

ಇರುವುದು ಏನು ಅಂತ ಮೊದಲು ನೋಡೋಣ. 1970ರ ಮಾಡೆಲ್ ವರ್ಷದಲ್ಲಿ ಶೆವೆಲ್‌ಗೆ 454 ಕ್ಯೂಬಿಕ್ ಇಂಚಿನ ಎಂಜಿನ್ ಎರಡು ರೂಪದಲ್ಲಿ ಬಂತು. ಒಂದು ಎಲ್‌ಎಸ್5, 360 ಹಾರ್ಸ್ ಪವರ್. ಇನ್ನೊಂದು ನಿಮ್ಮ ಎಲ್‌ಎಸ್6, 450 ಹಾರ್ಸ್ ಪವರ್, ಆ ಕಾಲದ ಗ್ರಾಸ್ ಲೆಕ್ಕದಲ್ಲಿ, ಅಂದರೆ ಎಂಜಿನ್ನನ್ನು ಗಾಡಿಯಿಂದ ಹೊರಗಿಟ್ಟು ಅಳೆದದ್ದು. ಅದಕ್ಕೂ ಮುಂಚೆ ಈ ಮಧ್ಯಮ ಗಾತ್ರದ ಗಾಡಿಗಳಿಗೆ 400 ಕ್ಯೂಬಿಕ್ ಇಂಚಿಗಿಂತ ದೊಡ್ಡ ಎಂಜಿನ್ ಹಾಕಬಾರದು ಅಂತ ಶೆವ್ರೊಲೆಯ ಮಾತೃ ಕಂಪನಿ ಜಿಎಂ ತಾನೇ ಒಂದು ಮಿತಿ ಇಟ್ಟುಕೊಂಡಿತ್ತು, 1970ಕ್ಕೆ ಅದನ್ನು ತೆಗೆದುಹಾಕಿದರು. ಎಲ್‌ಎಸ್5 ಹೋಗಿದ್ದು 4,298, ಎಲ್‌ಎಸ್6 ಹೋಗಿದ್ದು 4,475, ಕೂಡಿದರೆ 8,773. ಎಲ್ಲರೂ ಬಳಸುವ ಅಂಕಿಗಳು ಇವೇ.

ಈಗ ಗಮನಿಸಿ, ಆ 4,475ರಲ್ಲಿ ಎಲ್ಲವೂ ಸೇರಿದೆ. ಎರಡು ಬಾಗಿಲಿನ, ಗಟ್ಟಿ ಛಾವಣಿಯ ಹಾರ್ಡ್‌ಟಾಪ್, ಛಾವಣಿ ಮಡಚಬಹುದಾದ ಕನ್ವರ್ಟಿಬಲ್, ಕೊನೆಗೆ ಹಿಂದೆ ಪಿಕಪ್ ಥರ ತೊಟ್ಟಿ ಇರುವ ಎಲ್ ಕಮೀನೋ ಕೂಡ. ಅದರಲ್ಲಿ ಕನ್ವರ್ಟಿಬಲ್ ಎಷ್ಟು? ಶೆವೆಲ್ ಪ್ರಿಯರು ದಶಕಗಳಿಂದ ಗುದ್ದಾಡುತ್ತಿರುವ ಪ್ರಶ್ನೆ ಇದು. ಮೂವತ್ತು ಅನ್ನುವವರೂ ಇದ್ದಾರೆ, ನೂರರ ಲೆಕ್ಕ ಹೇಳುವವರೂ ಇದ್ದಾರೆ. ಫ್ಯಾಕ್ಟರಿಯ ಕಾಗದ ಯಾರ ಕೈಯಲ್ಲೂ ಇಲ್ಲ. ಬಾಡಿ ಯಾವುದು ಅನ್ನುವಷ್ಟು ದೊಡ್ಡ ವಿಷಯಕ್ಕೇ ಲೆಕ್ಕ ಇಲ್ಲದಿರುವಾಗ, ನೀಲಿ ಬಣ್ಣ, ನಾಲ್ಕು ಗೇರು, ಬೆಂಚ್ ಸೀಟು ಮೂರೂ ಸೇರಿದ್ದು ನಾಲ್ಕೇ ಅಂತ ಹೇಳೋದು ಹೇಗೆ?

ಯಾಕೆ ಹೀಗಾಯ್ತು ಅಂದರೆ, ಫ್ಯಾಕ್ಟರಿಯವರು ಲೆಕ್ಕ ಇಟ್ಟಿದ್ದು ಅವರ ಕೆಲಸಕ್ಕೆ, ಐವತ್ತು ವರ್ಷ ಬಿಟ್ಟು ನಾವು ನೀವು ಹರಾಜಿನಲ್ಲಿ ಜಂಬ ಕೊಚ್ಚಿಕೊಳ್ಳಲಿ ಅಂತಲ್ಲ. ಪ್ರತಿ ಆಪ್ಷನ್‌ಗೂ ಆರ್‌ಪಿಒ ಅನ್ನುವ ಒಂದು ಕೋಡ್ ಇತ್ತು. ಈ ಕೋಡಿನ ಮಾಲು ವರ್ಷಕ್ಕೆ ಎಷ್ಟು ಹೋಯ್ತು ಅನ್ನುವ ಮೊತ್ತ ಉಳಿದಿದೆ. ಈ ಕೋಡ್ ಮತ್ತು ಆ ಕೋಡ್ ಎರಡೂ ಒಂದೇ ಗಾಡಿಯಲ್ಲಿ ಎಷ್ಟು ಸಲ ಕೂಡಿ ಬಂತು ಅನ್ನೋದು ಉಳಿದಿಲ್ಲ. ಒಂದು ಮದುವೆಯಲ್ಲಿ ಎಷ್ಟು ಹೋಳಿಗೆ ಖರ್ಚಾಯ್ತು, ಎಷ್ಟು ಲೋಟ ಪಾಯಸ ಖರ್ಚಾಯ್ತು ಅಂತ ಅಡುಗೆಯವರು ಹೇಳಬಹುದು, ಆದರೆ ಹೋಳಿಗೆ ಬಿಟ್ಟು ಬರೀ ಪಾಯಸ ಕುಡಿದವರು ಎಷ್ಟು ಜನ ಅಂದರೆ ಅವರು ಏನು ಹೇಳಬೇಕು? ಹಾಗೇ ಇದು.

ಎಲ್ಲ ಕಂಪನಿಗಳ ಕತೆಯೂ ಹೀಗೇ ಅಲ್ಲ, ಗೊಂದಲ ಶುರುವಾಗೋದೇ ಅಲ್ಲಿ. ಫೋರ್ಡ್‌ದು ಬೇರೆ ಥರ. 1967ರಿಂದ ಮುಂದಿನ ಫೋರ್ಡ್ ಗಾಡಿಗಳ ಒಂದೊಂದರ ಆರ್ಡರ್ ವಿವರವೂ ಕಂಪ್ಯೂಟರ್ ದಾಖಲೆಯಾಗಿ ಉಳಿದಿದೆ, ಅದನ್ನು ಲೈಸೆನ್ಸ್ ಪಡೆದು ಇಟ್ಟುಕೊಂಡಿರುವ ಸಂಸ್ಥೆ ನಿಮ್ಮ ಗಾಡಿಯ ನಂಬರ್ (ನೋಂದಣಿಯದ್ದಲ್ಲ, ಫ್ಯಾಕ್ಟರಿ ಹಾಕಿದ ನಂಬರ್) ಕೊಟ್ಟರೆ ಮಾರ್ಟಿ ರಿಪೋರ್ಟ್ ಅನ್ನುವ ಕಾಗದ ಕೊಡುತ್ತದೆ. ಅದರ ದುಬಾರಿ ಆವೃತ್ತಿಯಲ್ಲಿ ಮೆಟ್ಟಿಲು ಇಳಿದ ಹಾಗೆ ಅಂಕಿಗಳು ಬರುತ್ತವೆ. ಉದಾಹರಣೆಗೆ 1969ರ ಮಸ್ಟಾಂಗ್ ಮಾಕ್ 1 ಅಂದರೆ ಮೊದಲ ಸಾಲಿನಲ್ಲಿ 72,458, ಆಮೇಲೆ ಅದರಲ್ಲಿ ಈ ಎಂಜಿನ್ ಮತ್ತು ಗೇರ್‌ಬಾಕ್ಸ್ ಇದ್ದದ್ದು ಇಷ್ಟು, ಅದರಲ್ಲಿ ಈ ಬಣ್ಣ ಇಷ್ಟು, ಅದರಲ್ಲಿ ಒಳಗಡೆ ಈ ಬಣ್ಣದ ಸೀಟು ಇಷ್ಟು. ಇದು ಅಂದಾಜಲ್ಲ, ಎಣಿಕೆ. ಮಸ್ಟಾಂಗ್ ಮಾರುವವರು ‘ಏಳರಲ್ಲಿ ಒಂದು’ ಅಂದಾಗ ಅದಕ್ಕೆ ಆಧಾರ ಇರಬಹುದು. ಅದನ್ನು ನೋಡಿದ ಶೆವ್ರೊಲೆಯವರಿಗೂ ತಮ್ಮ ಗಾಡಿಗೆ ಅಂಥದ್ದೊಂದು ಅಂಕಿ ಬೇಕು ಅನಿಸಿತು. ಬೇಕು ಅನಿಸಿದ ಮೇಲೆ ಹುಟ್ಟಿಸಿಕೊಳ್ಳೋದು ಕಷ್ಟವಲ್ಲ.

ಪಾಂಟಿಯಾಕ್ ಈ ಎರಡರ ನಡುವೆ ಬರುತ್ತದೆ. ಅವರ ಬಿಲ್ಲಿಂಗ್ ದಾಖಲೆಗಳು ಉಳಿದಿವೆ, ಪಿಎಚ್‌ಎಸ್ ಅನ್ನುವ ಸಂಸ್ಥೆ ಪ್ರತಿ ಕೊಡುತ್ತದೆ. ನಿಮ್ಮ ಗಾಡಿ ಹೇಗೆ ಹುಟ್ಟಿತು ಅಂತ ಅದರಿಂದ ಖಚಿತವಾಗಿ ಗೊತ್ತಾಗುತ್ತದೆ, ಆದರೆ ಅದೇ ಥರದ್ದು ಇನ್ನೆಷ್ಟು ಅಂತ ಬಣ್ಣ ಸೀಟಿನ ಮಟ್ಟಕ್ಕೆ ಎಣಿಸಿ ಕೊಡಲ್ಲ. ಕ್ರೈಸ್ಲರ್ ಕಡೆ ಎಂಜಿನ್, ಗೇರ್‌ಬಾಕ್ಸ್ ಮತ್ತು ಬಾಡಿಯ ಮಟ್ಟಕ್ಕೆ ಒಳ್ಳೆಯ ಅಂಕಿಗಳಿವೆ. ಅವರ ಪ್ಲಿಮತ್ ಬ್ರ್ಯಾಂಡಿನ ‘ಕೂಡಾ’ ಅನ್ನುವ ಮಾಡೆಲ್‌ನಲ್ಲಿ, 1970ರಲ್ಲಿ ಹೆಮಿ ಎಂಜಿನ್ನಿನ ಹಾರ್ಡ್‌ಟಾಪ್ 652, ಅದರಲ್ಲಿ ನಾಲ್ಕು ಗೇರಿನವು 284, ಆಟೋಮ್ಯಾಟಿಕ್ 368, ಕನ್ವರ್ಟಿಬಲ್ ಅಂದರೆ 14 ಅಷ್ಟೇ. ಆ 284ರಲ್ಲಿ ನೇರಳೆ ಎಷ್ಟು, ನಿಂಬೆ ಹಸಿರು ಎಷ್ಟು ಅಂದರೆ ಮತ್ತೆ ಕತ್ತಲೆ. ಹಾಗಂತ ಕ್ರೈಸ್ಲರ್ ಗಾಡಿಗಳಲ್ಲಿ ಒಂದು ಅನುಕೂಲ ಇದೆ, ಎಂಜಿನ್ ಯಾವುದು ಅನ್ನೋದು ಗಾಡಿಯ ನಂಬರಿನಲ್ಲೇ ಬರುತ್ತದೆ. ಬಿಎಸ್23ಆರ್0ಬಿ ಅಂತ ಶುರುವಾದರೆ ಆ ‘ಆರ್’ ಅಂದರೆ 426 ಹೆಮಿ, ‘0’ ಅಂದರೆ 1970, ಕೊನೆಯ ‘ಬಿ’ ಅಂದರೆ ಹ್ಯಾಮ್‌ಟ್ರಾಮಿಕ್ ಫ್ಯಾಕ್ಟರಿ. ನಿಮ್ಮ ಶೆವೆಲ್‌ಗೆ ಈ ಭಾಗ್ಯವೂ ಇಲ್ಲ. ಅದಕ್ಕೆ ಆಮೇಲೆ ಬರುತ್ತೇನೆ, ಯಾಕಂದರೆ ನಿಮ್ಮ ದುಡ್ಡು ಹೋಗೋದು ಉಳಿಯೋದು ಅದರ ಮೇಲೆ.

ಸರಿ, ಆ 4 ಹೇಗೆ ಹುಟ್ಟಿರಬಹುದು? ಇಂಥ ಬೋರ್ಡುಗಳ ಹಿಂದೆ ಸಾಮಾನ್ಯವಾಗಿ ಒಂದು ಗುಣಾಕಾರ ಇರುತ್ತದೆ. ನಾವೂ ಮಾಡಿ ನೋಡೋಣ. ಇಲ್ಲಿಂದ ಮುಂದಿನ ಶೇಕಡಾ ಎಲ್ಲ ನಾನು ಲೆಕ್ಕಕ್ಕೆ ಸುಮ್ನೆ ಹಿಡಿದದ್ದು, ದಾಖಲೆಯದ್ದಲ್ಲ, ಹಾಗಾಗಿ ಎಲ್ಲೂ ಎತ್ತಿ ಬರೆಯಬೇಡಿ.

4,475ರಲ್ಲಿ ಹಾರ್ಡ್‌ಟಾಪ್ ನೂರಕ್ಕೆ 90 ಅಂದುಕೊಳ್ಳಿ, 4,028 ಆಯ್ತು. ನಾಲ್ಕು ಗೇರಿನವು ಅದರಲ್ಲಿ ಅರ್ಧ, 2,014. ಆ ವರ್ಷ ಶೆವೆಲ್‌ಗೆ ಸಾಮಾನ್ಯ ಬಣ್ಣಗಳು 15 ಇದ್ದವು, ಎಲ್ಲ ಬಣ್ಣವೂ ಸಮವಾಗಿ ಹೋಯ್ತು ಅಂದರೆ ಫ್ಯಾದಮ್ ಬ್ಲೂ 134. ಬೆಂಚ್ ಸೀಟು ಐದರಲ್ಲಿ ಒಂದು ಅಂದರೆ 27. ನೀವು ನನಗೆ ಬರೆದ ವಿವರಕ್ಕೆ ಸಿಗೋದು ಇಷ್ಟೇ, ಸುಮಾರು 27. ಇದು 4 ಆಗಬೇಕಾದರೆ ಏನು ಮಾಡಬೇಕು? ಬಣ್ಣದ ಗಾಜು ಇದೆ ಅಂತ ಒಂದು ಸಲ ಅರ್ಧ ಮಾಡಿ, ರೇಡಿಯೋ ಇಂಥದ್ದು ಅಂತ ಇನ್ನೊಂದು ಸಲ, ಡ್ಯಾಶ್‌ಬೋರ್ಡಿನಲ್ಲಿ ಟ್ಯಾಕೋಮೀಟರ್ ಇದೆ ಅಂತ ಮತ್ತೊಂದು ಸಲ. ಮೂರು ಸಲ ಅರ್ಧ ಮಾಡಿದರೆ 3.4. ಬಂತಲ್ಲ ನಿಮ್ಮ ನಾಲ್ಕು! ಇನ್ನೆರಡು ಆಪ್ಷನ್ ಸೇರಿಸಿದರೆ ಒಂದಕ್ಕಿಂತ ಕಡಿಮೆಯಾಗುತ್ತದೆ, ಆಗ ‘ಜಗತ್ತಿನಲ್ಲೇ ಒಂದೇ ಒಂದು’ ಅಂತ ಬರೆಯಬಹುದು. ಹೀಗೆ ಇಳಿಯುತ್ತಾ ಹೋದರೆ ಆ ಕಾಲದ ಅಮೆರಿಕನ್ ಗಾಡಿಗಳಲ್ಲಿ ಬಹುಪಾಲು ಎಲ್ಲವೂ ‘ಒಂದೇ ಒಂದು’. ಯಾರದ್ದೋ ಅಜ್ಜಿ ಕೊಂಡ ನಾಲ್ಕು ಬಾಗಿಲಿನ ಬೂದು ಸೆಡಾನ್ ಕೂಡ.

ಆ ಗುಣಾಕಾರದಲ್ಲಿ ಇನ್ನೊಂದು ಕೈಚಳಕ ನಡೆಯುತ್ತದೆ, ಇದನ್ನು ನೀವು ಹುಷಾರಾಗಿ ನೋಡಬೇಕು. ಪ್ಯಾಕೇಜಿನಲ್ಲೇ ಬರುವ ಸಾಮಾನುಗಳನ್ನು ಬೇರೆ ಬೇರೆ ಅಪರೂಪ ಅಂತ ಎಣಿಸೋದು. ಎಸ್‌ಎಸ್ 454 ಅನ್ನುವ ಪ್ಯಾಕೇಜ್ ತಗೊಂಡರೆ ಮುಂದಿನ ಚಕ್ರಕ್ಕೆ ಪವರ್ ಡಿಸ್ಕ್ ಬ್ರೇಕ್ ಅದರ ಜೊತೆಗೇ ಬರುತ್ತಿತ್ತು, ಎಫ್41 ಸಸ್ಪೆನ್ಷನ್ ಬರುತ್ತಿತ್ತು, ಅಗಲ ಚಕ್ರ, ಬಿಳಿ ಅಕ್ಷರದ ಟೈರು ಬರುತ್ತಿತ್ತು. ಎಲ್‌ಎಸ್6 ಜೊತೆ ಮ್ಯಾನ್ಯುವಲ್ ಬೇಕು ಅಂದರೆ ಎಂ22 ಗೇರ್‌ಬಾಕ್ಸೇ ಗತಿ. ಈಗ ಬೋರ್ಡಿನಲ್ಲಿ ‘ಎಲ್‌ಎಸ್6, ಜೊತೆಗೆ ಅಪರೂಪದ ಎಂ22, ಜೊತೆಗೆ ಎಫ್41, ಜೊತೆಗೆ ಡಿಸ್ಕ್ ಬ್ರೇಕ್’ ಅಂತ ಸಾಲಾಗಿ ಬರೆದಿದ್ದರೆ, ಮ್ಯಾನ್ಯುವಲ್ ಎಲ್‌ಎಸ್6 ಅನ್ನುವ ಒಂದೇ ಮಾತನ್ನು ನಾಲ್ಕು ಸಲ ಹೇಳಿದ ಹಾಗೆ. ಅದರಿಂದ ಸಂಖ್ಯೆ ಎಳ್ಳಷ್ಟೂ ಇಳಿಯಬಾರದು. ಇಳಿಸಿದ್ದರೆ ಅಲ್ಲೇ ಮೋಸ.

ಇನ್ನು ನಾನು ಮೇಲೆ ಮಾಡಿದ ಲೆಕ್ಕವೂ ಎಷ್ಟು ಸಡಿಲ ಅಂತ ನೋಡಿ. ಹಾರ್ಡ್‌ಟಾಪ್ 85ರಿಂದ 95, ನಾಲ್ಕು ಗೇರು 40ರಿಂದ 60, ಬಣ್ಣ 4ರಿಂದ 10, ಬೆಂಚ್ ಸೀಟು 10ರಿಂದ 30 ಅಂತ ಸ್ವಲ್ಪ ಆಚೀಚೆ ಬಿಟ್ಟರೆ ಉತ್ತರ 6ರಿಂದ 76ರವರೆಗೆ ಎಲ್ಲಿ ಬೇಕಾದರೂ ಬೀಳುತ್ತದೆ. ಒಂದೊಂದು ಊಹೆಯೂ ಸಣ್ಣದಾಗಿ ತಪ್ಪಿದ್ದು, ಗುಣಿಸಿದಾಗ ಹತ್ತು ಪಟ್ಟಿಗಿಂತ ಜಾಸ್ತಿ ವ್ಯತ್ಯಾಸ ಬಂತು. ಪ್ರಾಮಾಣಿಕವಾಗಿ ಬೋರ್ಡ್ ಬರೆಯೋದಾದರೆ ‘ಹತ್ತೂ ಇರಬಹುದು, ಎಪ್ಪತ್ತೂ ಇರಬಹುದು’ ಅಂತ ಬರೆಯಬೇಕು. ಹಾಗೆ ಬರೆದರೆ ಯಾರು ತಾನೇ ಬೆಲೆ ಜಾಸ್ತಿ ಕೊಡುತ್ತಾರೆ?

ಇದಕ್ಕಿಂತ ದೊಡ್ಡ ತೊಂದರೆ ಬೇರೆ ಇದೆ. ಗುಣಾಕಾರ ಸರಿ ಬರಬೇಕಾದರೆ ಒಂದು ಆಪ್ಷನ್ ಆರಿಸಿದ್ದಕ್ಕೂ ಇನ್ನೊಂದನ್ನು ಆರಿಸಿದ್ದಕ್ಕೂ ಸಂಬಂಧ ಇರಬಾರದು. ನಿಜ ಜೀವನದಲ್ಲಿ ಸಂಬಂಧ ಇದ್ದೇ ಇರುತ್ತದೆ. ಎಲ್‌ಎಸ್6 ತಗೊಂಡು ಬೆಂಚ್ ಸೀಟು ಸಾಕು ಅಂದವನು ಯಾರು ಯೋಚಿಸಿ. ಶನಿವಾರ ಡ್ರ್ಯಾಗ್ ಸ್ಟ್ರಿಪ್ಪಿಗೆ ಹೋಗಿ ಕಾಲು ಮೈಲಿ ಓಡಿಸೋ ಹುಡುಗ. ಅವನಿಗೆ ಎಂಜಿನ್‌ಗೆ ದುಡ್ಡು ಹಾಕೋಕೆ ಇಷ್ಟ, ಬಕೆಟ್ ಸೀಟು, ನಡುವಿನ ಕನ್ಸೋಲ್, ವಿನೈಲ್ ಛಾವಣಿ ಇವೆಲ್ಲ ದಂಡ. ಅದೇ ಹುಡುಗ ನಾಲ್ಕು ಗೇರು ಕೇಳುತ್ತಾನೆ, ಅದೇ ಹುಡುಗ ರೇಡಿಯೋ ಬೇಡ ಅನ್ನುತ್ತಾನೆ. ನೂರು ಗಾಡಿಯಲ್ಲಿ 20ಕ್ಕೆ ಬೆಂಚ್ ಸೀಟು, 20ಕ್ಕೆ ರೇಡಿಯೋ ಇಲ್ಲ ಅಂದುಕೊಳ್ಳಿ. ಗುಣಾಕಾರದ ಪ್ರಕಾರ ಎರಡೂ ಸೇರಿದ್ದು 4 ಗಾಡಿ. ಆದರೆ ಬಕೆಟ್ ಸೀಟು, ರೇಡಿಯೋ ಎರಡನ್ನೂ ಬೇಡ ಅಂದವರು ಬಹುಪಾಲು ಅದೇ ಹುಡುಗರಾದರೆ ನಿಜ ಸಂಖ್ಯೆ 15 ಇರಬಹುದು. ಅಂದರೆ ಸ್ವಭಾವಕ್ಕೆ ಹೊಂದುವ ಆಪ್ಷನ್‌ಗಳು ಒಟ್ಟಿಗೇ ಬರುತ್ತವೆ, ಗುಣಾಕಾರ ಅವನ್ನು ಇಲ್ಲದ ಅಪರೂಪ ಮಾಡಿ ತೋರಿಸುತ್ತದೆ. ನಿಮ್ಮ ಗಾಡಿಯ ಸಂಯೋಗ, ನಾಲ್ಕು ಗೇರು ಮತ್ತು ಬೆಂಚ್ ಸೀಟು, ಇಂಥದ್ದೇ. ಹಾಗಾಗಿ ನನ್ನ 27 ಕೂಡ ಕಡಿಮೆಯೇ ಆಗಿರೋ ಸಾಧ್ಯತೆ ಜಾಸ್ತಿ.

ಉಲ್ಟಾ ಕೂಡ ಆಗುತ್ತದೆ. ಆ ವರ್ಷ ಶೆವೆಲ್‌ನದೇ ಒಂದು ದರ್ಜೆಯಾದ ಮಾಲಿಬುವಿನ ಕನ್ವರ್ಟಿಬಲ್ 7,511 ಹೋಗಿವೆ. ಆ ಪಾಲನ್ನು ಹಿಡಿದು ಎಲ್‌ಎಸ್6ಗೆ ಹಚ್ಚಿ ಕನ್ವರ್ಟಿಬಲ್ ಇಷ್ಟಿರಬೇಕು ಅಂತ ಲೆಕ್ಕ ಹಾಕುವವರನ್ನು ನೋಡಿದ್ದೇನೆ. ಆದರೆ ಕನ್ವರ್ಟಿಬಲ್ ಅಂದರೆ ಬಾಡಿ ಭಾರ, ಬೆಲೆ ಜಾಸ್ತಿ, ರೇಸ್ ಓಡಿಸುವವನು ಅದನ್ನು ಮುಟ್ಟಲ್ಲ, ಮತ್ತೆ ಬಿಸಿಲಿನಲ್ಲಿ ಹಾಯಾಗಿ ಸುತ್ತುವವನು ಒರಟು ಸದ್ದಿನ, ಆಗಾಗ ವಾಲ್ವ್ ಸರಿಪಡಿಸಬೇಕಾದ ಎಂಜಿನ್ ಯಾಕೆ ತಗೋತಾನೆ? ಅಲ್ಲಿ ಗುಣಾಕಾರ ಜಾಸ್ತಿ ತೋರಿಸುತ್ತದೆ. ಒಂದೇ ವಿಧಾನ ಒಂದು ಕಡೆ ಕಡಿಮೆ, ಇನ್ನೊಂದು ಕಡೆ ಜಾಸ್ತಿ ತಪ್ಪುತ್ತದೆ, ಯಾವ ಕಡೆ ಅಂತ ತಿಳಿಯೋಕೆ ಕೊಂಡವರ ಮನಸ್ಸು ಗೊತ್ತಿರಬೇಕು. ಡೀಲರ್‌ಗಳ ಪಾತ್ರವೂ ಇದೆ. ಗಾಡಿಗಳೆಲ್ಲ ಗಿರಾಕಿ ಕೂತು ಒಂದೊಂದಾಗಿ ಆರ್ಡರ್ ಮಾಡಿದ್ದಲ್ಲ, ಡೀಲರ್ ಅಂಗಳದಲ್ಲಿ ನಿಲ್ಲಿಸೋಕೆ ಅಂತ ಒಂದೇ ಥರದ್ದು ಎರಡು ಮೂರು ಒಟ್ಟಿಗೆ ತರಿಸಿದ್ದೂ ಇರಬಹುದು. ಹಾಗಾದಾಗ ಒಂದೇ ಊರಲ್ಲಿ ಒಂದೇ ಅಚ್ಚಿನ ಗಾಡಿಗಳು.

ಹಾಗಾದರೆ ಅಂದಾಜೇ ಸಾಧ್ಯವಿಲ್ವಾ ಅಂದರೆ, ಸಾಧ್ಯ ಇದೆ, ಬೇರೆ ದಾರಿಯಲ್ಲಿ. ಗುಣಿಸೋದು ಬಿಟ್ಟು ಎಣಿಸಿ. ದಾಖಲೆ ಸಮೇತ ಸಿಕ್ಕಿರುವ ಎಲ್‌ಎಸ್6 ಗಾಡಿಗಳ ಪಟ್ಟಿ ಮಾಡಿಕೊಳ್ಳಿ. ಹರಾಜು ಕಂಪನಿಗಳ ಹಳೆಯ ಮಾರಾಟದ ಪುಟಗಳಲ್ಲಿ ಫೋಟೋ ಸಮೇತ ಸಿಗುತ್ತವೆ, ಶೆವೆಲ್ ಮಾಲೀಕರ ಕ್ಲಬ್ಬುಗಳಲ್ಲಿ ವರ್ಷಗಟ್ಟಲೆ ನಂಬರ್ ಬರೆದಿಟ್ಟವರಿದ್ದಾರೆ. ಅಲ್ಲಿ 200 ಗಾಡಿ ಸಿಕ್ಕಿ, ಅದರಲ್ಲಿ ನೀಲಿ, ನಾಲ್ಕು ಗೇರು, ಬೆಂಚ್ ಮೂರೂ ಇದ್ದದ್ದು 3 ಅಂದರೆ, ನೂರಕ್ಕೆ ಒಂದೂವರೆ, 4,475ಕ್ಕೆ ಸುಮಾರು 67. ಈ ಲೆಕ್ಕದಲ್ಲಿ ಆಪ್ಷನ್‌ಗಳ ನಡುವಿನ ಸಂಬಂಧ ತಾನಾಗೇ ಸೇರಿಕೊಂಡಿರುತ್ತದೆ, ಅದೇ ಇದರ ಲಾಭ. ಮೂರು ಅನ್ನೋದು ಸಣ್ಣ ಸಂಖ್ಯೆ, ಆಚೀಚೆ ಬಹಳ ತೂಗಾಡುತ್ತದೆ, ಅದು ಬೇರೆ ಮಾತು.

ಬಣ್ಣ ಎಣಿಸುವಾಗ ಒಂದು ಎಚ್ಚರಿಕೆ. ಈಗ ಕಾಣುವ ಬಣ್ಣವನ್ನು ನಂಬಬೇಡಿ. ಐವತ್ತು ವರ್ಷದಲ್ಲಿ ಎಷ್ಟೋ ಗಾಡಿಗಳು ಬಣ್ಣ ಬದಲಿಸಿವೆ, ಸಪ್ಪೆ ಬಣ್ಣದವು ಕೆಂಪಾಗಿವೆ, ಕಪ್ಪಾಗಿವೆ. ಬಾನೆಟ್ ಎತ್ತಿದರೆ ಹಿಂದಿನ ಗೋಡೆಯಲ್ಲಿ, ಅಂದರೆ ಫೈರ್‌ವಾಲ್‌ನಲ್ಲಿ, ರಿವೆಟ್ ಹೊಡೆದ ಒಂದು ಸಣ್ಣ ತಗಡು ಇರುತ್ತದೆ, ಕೌಲ್ ಟ್ಯಾಗ್ ಅಂತಾರೆ. ಅದರಲ್ಲಿ ಬಣ್ಣದ ಕೋಡ್ 28 ಅಂತಿದ್ದರೆ ಮಾತ್ರ ಅದು ಹುಟ್ಟಿದ ಬಣ್ಣ ಫ್ಯಾದಮ್ ಬ್ಲೂ. 25 ಅಂತಿದ್ದರೆ ಆಸ್ಟ್ರೋ ಬ್ಲೂ, ಬೇರೆ ನೀಲಿ. ನಿಮ್ಮ ಗಾಡಿಯಲ್ಲೂ ಮೊದಲು ನೋಡಬೇಕಾದ್ದು ಇದನ್ನೇ. ಆ ರಿವೆಟ್‌ಗಳನ್ನೂ ನೋಡಿ, ಅಂಗಡಿಯಲ್ಲಿ ಸಿಗುವ ಸಾಮಾನ್ಯ ಪಾಪ್ ರಿವೆಟ್ ಇದ್ದರೆ ಯಾರೋ ಟ್ಯಾಗ್ ಬಿಚ್ಚಿ ಕೂರಿಸಿದ್ದಾರೆ ಅಂತ ಅರ್ಥ.

‘ನಾವು ಇಷ್ಟು ವರ್ಷದಲ್ಲಿ ಇಂಥದ್ದು ಇನ್ನೊಂದು ನೋಡೇ ಇಲ್ಲ’ ಅಂತಲೂ ಹೇಳುತ್ತಾರೆ. ಕೇಳೋಕೆ ಭಾರಿ ಅನಿಸುತ್ತದೆ. ಇದಕ್ಕೆ ಒಂದು ಸುಲಭ ಲೆಕ್ಕ ಇದೆ. 150 ಗಾಡಿ ನೋಡಿ ಒಂದೂ ಸಿಗಲಿಲ್ಲ ಅಂದರೆ, 3ನ್ನು 150ರಿಂದ ಭಾಗಿಸಿ, ನೂರಕ್ಕೆ 2. ಅಂದರೆ ಒಂದೂ ಕಾಣದಿದ್ದರೂ ಆ ಥರದ್ದು ನೂರಕ್ಕೆ ಎರಡರವರೆಗೆ ಇರೋ ಸಾಧ್ಯತೆಯನ್ನು ತಳ್ಳಿಹಾಕೋಕಾಗಲ್ಲ. 4,475ಕ್ಕೆ ನೂರಕ್ಕೆ ಎರಡು ಅಂದರೆ ಹತ್ತಿರ ಹತ್ತಿರ 90 ಗಾಡಿ. ಕಾಣಲಿಲ್ಲ ಅನ್ನೋದಕ್ಕೂ ಇಲ್ಲ ಅನ್ನೋದಕ್ಕೂ ನಡುವೆ 90 ಗಾಡಿ ನಿಲ್ಲಿಸುವಷ್ಟು ಜಾಗ ಇದೆ.

ತಯಾರಾಗಿದ್ದು ಎಷ್ಟು ಅನ್ನೋದು ಬೇರೆ, ಈಗ ಉಳಿದಿರೋದು ಎಷ್ಟು ಅನ್ನೋದು ಬೇರೆ. ಎರಡನ್ನೂ ಬೆರೆಸಿ ಮಾತಾಡುವವರು ಬಹಳ. ಉಳಿದವುಗಳಿಗೆ, ಕೆರೆಯ ಮೀನು ಎಣಿಸೋಕೆ ಬಳಸುವ ವಿಧಾನ ಇಲ್ಲೂ ನಡೆಯುತ್ತದೆ. ಎರಡು ಬೇರೆ ಬೇರೆ ಪಟ್ಟಿ ತಗೊಳ್ಳಿ. ಹರಾಜಿನ ಪಟ್ಟಿಯಲ್ಲಿ 40 ಗಾಡಿ, ಕ್ಲಬ್ಬಿನ ಪಟ್ಟಿಯಲ್ಲಿ 50, ಎರಡರಲ್ಲೂ ಇರೋದು 10 ಅಂದುಕೊಳ್ಳಿ. 40ನ್ನು 50ರಿಂದ ಗುಣಿಸಿ 10ರಿಂದ ಭಾಗಿಸಿ, 200. ಒಟ್ಟು ಉಳಿದಿರೋದು ಅಷ್ಟರ ಆಸುಪಾಸು. ಆದರೆ ಚೆನ್ನಾಗಿ ಫಳಫಳ ಮಾಡಿದ ಗಾಡಿ ಹರಾಜಿಗೂ ಬರುತ್ತದೆ, ಕ್ಲಬ್ಬಿಗೂ ಬರುತ್ತದೆ, ಯಾವುದೋ ಹಳ್ಳಿಯ ಶೆಡ್ಡಿನಲ್ಲಿ ಟಾರ್ಪಾಲ್ ಕೆಳಗೆ ಮಲಗಿರೋದು ಎರಡಕ್ಕೂ ಬರಲ್ಲ. ಹಾಗಾಗಿ ಈ ಉತ್ತರ ಕೂಡ ಕಡಿಮೆ ಕಡೆಗೇ ವಾಲುತ್ತದೆ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಮಾತು. ನೀವು ಕೇಳಿದ ಪ್ರಶ್ನೆಗಿಂತ ಮುಂಚೆ ಕೇಳಬೇಕಾದ ಪ್ರಶ್ನೆ ಇನ್ನೊಂದಿದೆ. ಇದು ನಾಲ್ಕರಲ್ಲಿ ಒಂದೋ ಎಪ್ಪತ್ತರಲ್ಲಿ ಒಂದೋ ಅನ್ನೋದು ಆಮೇಲೆ, ಮೊದಲಿಗೆ ಇದು ಆ 4,475ರಲ್ಲಿ ಒಂದು ಹೌದಾ?

1970ರ ಶೆವೆಲ್‌ನ ನಂಬರ್ ಓದಿದರೆ ಇದು ಶೆವ್ರೊಲೆ, ವಿ8 ಮಾಲಿಬು, ಸ್ಪೋರ್ಟ್ ಕೂಪೆ, 1970, ಯಾವ ಫ್ಯಾಕ್ಟರಿ, ಎಷ್ಟನೇ ಗಾಡಿ, ಇಷ್ಟೇ ಗೊತ್ತಾಗೋದು. 13637 ಅಂತ ಶುರುವಾಗುತ್ತದೆ, ಆಮೇಲೆ 0, ಆಮೇಲೆ ಫ್ಯಾಕ್ಟರಿಯ ಅಕ್ಷರ, ಬಿ ಅಂದರೆ ಬಾಲ್ಟಿಮೋರ್, ಆರ್ ಅಂದರೆ ನಿಮ್ಮ ಪಕ್ಕದ ಆರ್ಲಿಂಗ್ಟನ್. ಎಂಜಿನ್ 454 ಅಂತಾಗಲಿ, ಎಸ್‌ಎಸ್ ಅಂತಾಗಲಿ ಅದರಲ್ಲಿ ಎಲ್ಲೂ ಇಲ್ಲ. ಸಾಧಾರಣ 307 ಎಂಜಿನ್ನಿನ ಮಾಲಿಬುಗೂ ಇದೇ ಥರದ ನಂಬರ್. ಆ ಮಾಲಿಬುಗೆ 454 ಕೂರಿಸಿ, ಎಸ್‌ಎಸ್ ಬ್ಯಾಡ್ಜ್ ಹಾಕಿ, ಪಟ್ಟೆ ಬಳಿದರೆ ದೂರದಿಂದ ಯಾರಿಗೂ ವ್ಯತ್ಯಾಸ ತಿಳಿಯಲ್ಲ. ಬೇಕಾದ ಬಿಡಿಭಾಗವೆಲ್ಲ ಹೊಸದಾಗಿಯೇ ತಯಾರಾಗಿ ಬರುತ್ತದೆ.

ಎಂಜಿನ್ ಹತ್ತಿರ ಹೋಗಿ. ಡ್ರೈವರ್ ಸೀಟಿನ ಎದುರು ಬದಿ, ಅಂದರೆ ಪ್ಯಾಸೆಂಜರ್ ಕಡೆಯ ಸಿಲಿಂಡರ್ ಹೆಡ್ಡಿನ ಮುಂದೆ, ಬ್ಲಾಕಿನ ಮೇಲೆ ಬೆರಳಗಲದ ಒಂದು ಸಮತಟ್ಟು ಪಟ್ಟಿ ಇದೆ. ಗ್ರೀಸ್ ಒರೆಸಿ ಟಾರ್ಚನ್ನು ಓರೆಯಾಗಿ ಹಿಡಿಯಿರಿ. ಎರಡು ಮುದ್ರೆ ಕಾಣಬೇಕು. ಒಂದು ‘ಟಿ’ ಅಕ್ಷರ, ನಾಲ್ಕು ಅಂಕಿ, ಆಮೇಲೆ ಮೂರು ಅಕ್ಷರ. ಟಿ ಅಂದರೆ ಟೊನವಾಂಡಾ, ನ್ಯೂಯಾರ್ಕ್ ರಾಜ್ಯದ ಎಂಜಿನ್ ಫ್ಯಾಕ್ಟರಿ. ನಾಲ್ಕು ಅಂಕಿ ತಿಂಗಳು ಮತ್ತು ದಿನ. ಮೂರು ಅಕ್ಷರ ಯಾವ ಎಂಜಿನ್, ಯಾವ ಗೇರ್‌ಬಾಕ್ಸಿಗೆ ಅಂತ ಹೇಳುತ್ತದೆ, ಎಲ್‌ಎಸ್6 ಅಂತ ತಿಳಿಯೋದು ಅದರಿಂದ. ಇನ್ನೊಂದು ಮುದ್ರೆ ಗಾಡಿ ನಂಬರಿನ ಕೊನೆಯ ಭಾಗ, ಅದು ಡ್ಯಾಶ್‌ಬೋರ್ಡಿನ ನಂಬರಿಗೆ ಹೊಂದಬೇಕು. ಬ್ಲಾಕಿನ ಎರಕದ ನಂಬರ್ 3963512 ಇದೆ ನೋಡಿ ಅಂತ ತೋರಿಸಿದರೆ ಸುಮ್ನೆ ತಲೆಯಾಡಿಸಿ, ಅದು ಬೇರೆ 454ಗಳಲ್ಲೂ ಇರುತ್ತದೆ, ಅದರಿಂದ ಎಲ್‌ಎಸ್6 ಅಂತ ಸಾಬೀತಾಗಲ್ಲ.

ಅಕ್ಷರಗಳಿಗಿಂತ ಮುಖ್ಯ ಅವುಗಳ ಕೆಳಗಿನ ಲೋಹ. ಫ್ಯಾಕ್ಟರಿಯಲ್ಲಿ ಆ ಪಟ್ಟಿಯನ್ನು ಬ್ರೋಚಿಂಗ್ ಮಷೀನಿನಲ್ಲಿ ಕೆತ್ತುತ್ತಿದ್ದರು, ಅದು ಬಿಟ್ಟ ಗೀರುಗಳು ಸಣ್ಣಗೆ, ನೇರವಾಗಿ, ಎಂಜಿನ್ನಿನ ಮುಂದಿನಿಂದ ಹಿಂದಕ್ಕೆ ಓಡುತ್ತವೆ. ಹಳೆಯ ಮುದ್ರೆ ಅಳಿಸಿ ಹೊಸದು ಹೊಡೆದಿದ್ದರೆ ಆ ಗೀರು ಹೋಗಿರುತ್ತದೆ, ನುಣ್ಣಗಿರುತ್ತದೆ ಅಥವಾ ಉಜ್ಜಿದ ಸುತ್ತುಗೆರೆ ಕಾಣುತ್ತದೆ. ಆಮೇಲೆ ತಾರೀಖು ತಾಳೆ ನೋಡಿ. ಕೌಲ್ ಟ್ಯಾಗಿನಲ್ಲಿ ‘03ಸಿ’ ಅಂತಿದ್ದರೆ ಬಾಡಿ ಕಟ್ಟಿದ್ದು ಮಾರ್ಚ್ ಮೂರನೇ ವಾರ. ಎಂಜಿನ್ ಮೇಲೆ 0420 ಅಂತಿದ್ದರೆ ಅದು ಏಪ್ರಿಲ್ 20ಕ್ಕೆ ಹುಟ್ಟಿದ್ದು. ತಿಂಗಳ ಮುಂಚೆ ಕಟ್ಟಿದ ಗಾಡಿಗೆ ಅದು ಹೇಗೆ ಬಂತು ಅಂತ ಮಾರುವವರನ್ನೇ ಕೇಳಿ.

ಕಾಗದ ಏನೇನಿದೆ ಕೇಳಿ. ಬಿಲ್ಡ್ ಶೀಟ್ ಅಂತ ಒಂದು ಹಾಳೆ, ಜೋಡಣೆಯ ಸಾಲಿನಲ್ಲಿ ಕೆಲಸಗಾರರಿಗೆ ಈ ಗಾಡಿಗೆ ಏನೇನು ಹಾಕಬೇಕು ಅಂತ ಹೇಳುತ್ತಿದ್ದದ್ದು. ಅದು ಹೆಚ್ಚಾಗಿ ಪೆಟ್ರೋಲ್ ಟ್ಯಾಂಕಿನ ಮೇಲೆ, ಇಲ್ಲವೇ ಸೀಟಿನ ಸ್ಪ್ರಿಂಗಿನಲ್ಲಿ ಸಿಕ್ಕಿಕೊಂಡು ಉಳಿದಿರುತ್ತದೆ. ತುಕ್ಕು ಹಿಡಿದು, ಇಲಿ ತಿಂದು, ಅರ್ಧ ಹರಿದ ಹಾಳೆಯಾದರೂ ನಿಮಗೆ ಬೇಕಾದ ಎಂಜಿನ್ ಕೋಡ್, ಬಣ್ಣ, ಸೀಟು ಅದರಲ್ಲಿದ್ದರೆ ಆ ಬೋರ್ಡಿಗಿಂತ ಸಾವಿರ ಪಾಲು ಮೇಲು. ವಾರಂಟಿ ಪುಸ್ತಕದ ಜೊತೆ ಬರುತ್ತಿದ್ದ ಪ್ರೊಟೆಕ್ಟ್-ಒ-ಪ್ಲೇಟ್ ಅನ್ನುವ ಲೋಹದ ಚೀಟಿಯೂ ಒಳ್ಳೆಯ ಸಾಕ್ಷಿ, ಆದರೆ ಅದರ ನಕಲು ಮಾಡಿಕೊಡುವವರೂ ಇದ್ದಾರೆ, ಅದೊಂದನ್ನೇ ನಂಬಿ ಕೂರಬೇಡಿ.

ಬೆಲೆಯ ವಿಷಯಕ್ಕೆ ಬರೋಣ. ‘4 ಮಾತ್ರ’ ಅನ್ನೋದಕ್ಕೆ ಒಂದು ಡಾಲರ್ ಕೂಡ ಜಾಸ್ತಿ ಕೊಡಬೇಡಿ. ನಿಜವಾಗಲೂ ನಾಲ್ಕೇ ಇದ್ದರೂ ಕೊಡಬೇಡಿ ಅಂತಲೇ ನಾನು ಹೇಳೋದು. ಅಪರೂಪ ಅನ್ನೋದು ಬೆಲೆಯಾಗೋದು ಅದನ್ನು ಬಯಸುವವರು ಇದ್ದಾಗ. 1969ರ ಪಾಂಟಿಯಾಕ್ ಜಿಟಿಒ ಜಡ್ಜ್ ಕನ್ವರ್ಟಿಬಲ್ 108 ಅಂದರೆ ಎಲ್ಲರಿಗೂ ಅರ್ಥವಾಗುತ್ತದೆ. ಅದೇ ವರ್ಷದ ಕಮಾರೋ ಜೆಡ್‌ಎಲ್1, ಅಲ್ಯುಮಿನಿಯಂ 427 ಎಂಜಿನ್ನಿನದು, 69 ಅಂದರೆ ಹರಾಜಿನಲ್ಲಿ ಕೈಗಳು ಮೇಲೇಳುತ್ತವೆ. ಅಲ್ಲಿ ಎಣಿಕೆ ನಿಂತಿರೋದು ಎಂಜಿನ್ ಮತ್ತು ಬಾಡಿಯ ಮೇಲೆ. ರೇಡಿಯೋ, ಗಾಜಿನ ಬಣ್ಣ, ಬಂಪರ್ ಗಾರ್ಡಿನ ಮೇಲೆ ನಿಂತ ಅಪರೂಪಕ್ಕೆ ನಾಳೆ ನೀವು ಮಾರುವಾಗ ಗಿರಾಕಿ ಹುಡುಕಬೇಕು. ಬೆಂಚ್ ಸೀಟು ನನಗೆ ಇಷ್ಟ, ಆ ಗಾಡಿಯ ಒರಟುತನಕ್ಕೆ ಅದೇ ಸರಿ ಅನಿಸುತ್ತದೆ, ಆದರೆ ಬಕೆಟ್ ಸೀಟು ಬೇಕು ಅನ್ನುವವರೇ ಜಾಸ್ತಿ. ಅಂದರೆ ನಿಮ್ಮ ಗಾಡಿಯಲ್ಲಿ ಸಂಖ್ಯೆ ಇಳಿಸಿದ ಸಂಗತಿಯೇ ಗಿರಾಕಿಗಳನ್ನೂ ಇಳಿಸುತ್ತದೆ. ಜಾಸ್ತಿ ಕೊಡಬೇಕಾದ್ದು ಮುಟ್ಟದ ಮುದ್ರೆಗೆ, ಹುಟ್ಟಿದ ಗೇರ್‌ಬಾಕ್ಸಿಗೆ, ಟ್ಯಾಂಕಿನ ಮೇಲಿನ ಆ ಹಾಳೆಗೆ. ಅವು ಇದ್ದರೆ ಬೇರೆ ಎಲ್‌ಎಸ್6ಗಳಿಗೆ ಕೊಡುವಷ್ಟು ಕೊಡಿ, ಖುಷಿಯಿಂದ ಕೊಡಿ. ಇಲ್ಲದಿದ್ದರೆ ಒಳ್ಳೆಯ 454 ಎಂಜಿನ್ ಇರುವ ಚೆಂದದ ಮಾಲಿಬು ಅಂತ ಬೆಲೆ ಕಟ್ಟಿ, ಅದಕ್ಕೆ ಒಪ್ಪಿದರೆ ಸರಿ.

ಮುಂದಿನ ಸಲ ಹೋದಾಗ ಟಾರ್ಚ್, ಚಿಕ್ಕ ಕನ್ನಡಿ, ಒಂದು ಹಳೆಯ ಬಟ್ಟೆ ತಗೊಂಡು ಹೋಗಿ. ಆ ಪಟ್ಟಿಯನ್ನು ಬಟ್ಟೆಯಲ್ಲಿ ಒರೆಸಿ, ಸ್ಯಾಂಡ್‌ಪೇಪರ್ ಹಿಡಿದು ಯಾರಾದರೂ ‘ನಾನು ಕ್ಲೀನ್ ಮಾಡಿಕೊಡುತ್ತೇನೆ’ ಅಂದರೆ ತಡೆಯಿರಿ, ಇರುವ ಗೀರೂ ಹೋಗಿಬಿಡುತ್ತದೆ. ಎಂಜಿನ್ ಪಟ್ಟಿ, ಕೌಲ್ ಟ್ಯಾಗ್, ಗೇರ್‌ಬಾಕ್ಸಿನ ಮುದ್ರೆ, ಮೂರರ ಫೋಟೋ ಕಳಿಸಿ, ನೋಡಿ ಹೇಳುತ್ತೇನೆ. ಮುಂಗಡ ಮಾತ್ರ ಅಲ್ಲಿಯವರೆಗೆ ಕೊಡಬೇಡಿ.